ಸಿಳ್ಳು ಹಿಡಿಯುವ ಗುರುಬಾಯಿ

ಮಹಾಲಿಂಗಪುರದ ಮುಧೋಳ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಓಡಾಟ ಇನ್ನೂ ಶುರುವಾಗಿಲ್ಲ. ಚಹಾದಂಗಡಿಯ ಒಲೆ ಈಗಷ್ಟೇ ಹೊತ್ತಿಕೊಂಡಿದೆ. ಅದರ ಮಗ್ಗುಲಿನ ತಗಡಿನ ಶೆಡ್ಡಿನ ಮುಂದೆ ಬಿಳಿ ಟವೇರಾ ಒಂದು ನಿಂತಿದೆ. ಹಿಂದಿನ ಸೀಟಿನ ನಟ್ಟನಡುವೆ ಗುರುಬಾಯಿ ಕುಳಿತಿದ್ದಾರೆ. ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಿದ್ದಾರೆ, ಕಣ್ಣು ಮುಚ್ಚಿವೆ. ಮುಂದೆ ಗಂಡ ಧರೆಪ್ಪ ಎಂಜಿನ್ ಚಾಲೂ ಮಾಡಿ ಎಕ್ಸಲರೇಟರ್ ಒತ್ತುತ್ತಿದ್ದಾರೆ. ಡೆಕ್ಕಿನ ವಾಲ್ಯೂಮ್ ಪೂರ್ತಿ ಏರಿದೆ. ಹಾಡು ಮಾತ್ರ ಹಚ್ಚಿಲ್ಲ.

“ಒತ್ರಿ,” ಎನ್ನುತ್ತಾರೆ ಗುರುಬಾಯಿ. “ಬಿಡ್ರಿ. ಮತ್ತ ಒತ್ರಿ.”

ಕಣ್ಣು ತೆರೆದು, ತೀರ್ಪು ಹೇಳುವವರಂತೆ ಎರಡೇ ಮಾತು: “ಸಿಳ್ಳ ಐತಿ.”

ಗಾಡಿಯ ಕರೆಂಟು ಹಾಡಿನ ದಾರಿಯೊಳಗೆ ನುಸುಳಿದರೆ ಸ್ಪೀಕರಿನಲ್ಲಿ ಸೊಳ್ಳೆಯ ದನಿಯಂಥ ಸಣ್ಣ ಸದ್ದು ಹುಟ್ಟುತ್ತದೆ. ಎಂಜಿನ್ ಏರಿದಂತೆ ಏರುತ್ತದೆ, ಇಳಿದಂತೆ ಇಳಿಯುತ್ತದೆ. ಈ ಶೆಡ್ಡಿನಲ್ಲಿ ಅದಕ್ಕೆ ಸಿಳ್ಳು ಎಂದು ಹೆಸರು. ಹಗಲಿನ ಗದ್ದಲದಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೇ ಹಿಂದಿನ ದಿನ ಗಾಡಿಗೆ ಕೂರಿಸಿದ ಹಾಡಿನ ಸೆಟ್ಟನ್ನು ಮರುದಿನ ನಸುಕಿನಲ್ಲಿ, ರಸ್ತೆ ಏಳುವ ಮೊದಲು, ಗುರುಬಾಯಿ ಕೇಳುತ್ತಾರೆ.

ಟವೇರಾದ ಒಡೆಯ ಜಮಖಂಡಿಯ ಶಿವಪುತ್ರ. ಬಾಡಿಗೆಗೆ ತಾನೇ ಗಾಡಿ ಹೊಡೆಯುವ ಹುಡುಗ. ಮಫ್ಲರ್ ಸುತ್ತಿಕೊಂಡು ಬಾಗಿಲ ಬಳಿ ಚಡಪಡಿಸುತ್ತಿದ್ದಾನೆ.

“ವೈನಿ, ನನಗಂತೂ ಏನೂ ಕೇಳವಲ್ದು. ಹಾಡ ಹಚ್ಚಿದ್ರ ಇದ್ದದ್ದೂ ಮುಚ್ಚಿ ಹೋಗತೈತಿ. ಒಂಬತ್ತಕ್ಕ ರಬಕವಿಯೊಳಗ ಬೀಗರು ದಾರಿ ಕಾಯತಿರತಾರ. ಲಗ್ನದ ಗಾಡಿರಿ ಇದು!”

“ಎರಡ ಹಾಡಿನ ನಡುವ ತಡಾ ಇರತೈತೆಲ್ಲೋ ತಮ್ಮಾ, ಅವಾಗ ಕೇಳತೈತಿ. ಒಮ್ಮೆ ಕೇಳತಂದ್ರ ಮುಂದ ಅದನ್ನ ಕೇಳಕೋತ ಕುಂಡ್ರತಿ, ಹಾಡ ಕೇಳಂಗಿಲ್ಲ.”

ಶೆಡ್ಡಿನ ಫಲಕದ ಮೇಲಿರುವುದು ಧರೆಪ್ಪನವರ ಹೆಸರು. ತಂತಿ ಎಳೆಯುವುದು, ಸ್ಪೀಕರಿನ ಡಬ್ಬಿ ಕೊಯ್ಯುವುದು, ನಟ್ಟು ಬಿಗಿಯುವುದು ಎಲ್ಲ ಅವರದೇ. ಏನೂ ತಿಳಿಯದವರಿಗೂ ಅವರು ಕೆಲಸವನ್ನು ಬಿಡಿಸಿ ಹೇಳಬಲ್ಲರು: “ಡೆಕ್ಕಿನ್ಯಾಗ ಹಾಡ ಇರತೈತಿ, ಜೋರ ಇರೂದಿಲ್ಲ. ಜೋರ ಕೊಡೂದು ಆಂಪ್ಲಿಫೈಯರ್. ನಮ್ಮ ಬೀರಪ್ಪನ ಗುಡಿ ಡೊಳ್ಳಿನಂಥಾ ದಪ್ಪ ದನಿ ತಗಿಯೂದು ಸಬ್‌ವೂಫರ್. ಒಂದು ದುಡಿಯೂ ಎತ್ತು, ಇನ್ನೊಂದು ನೇಗಲಾ ಅನ್ಕೋರಿ.”

ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಬೇಕು. ಪ್ಲಸ್ಸಿನಿಂದ ದಪ್ಪ ತಂತಿ ಎಳೆದು, ಬ್ಯಾಟರಿಯಿಂದ ಒಂದು ಗೇಣಿನೊಳಗೇ ಫ್ಯೂಸ್ ಹಾಕಬೇಕು. ತಂತಿ ಎಲ್ಲಾದರೂ ಉಜ್ಜಿ ತಗಡಿಗೆ ತಾಕಿದರೆ ಸುಡಬೇಕಾದ್ದು ಫ್ಯೂಸೇ ಹೊರತು ಗಾಡಿಯಲ್ಲ. ಕರೆಂಟಿನ ತಂತಿ ನೆಲಹಾಸಿನ ಒಂದು ಬದಿಗೆ ಹೋದರೆ ಹಾಡಿನ ತಂತಿ ಇನ್ನೊಂದು ಬದಿಗೆ. ಅರ್ಥಿಂಗ್ ತಂತಿ ಗಿಡ್ಡಗಿರಬೇಕು, ಬಣ್ಣ ಕೆರೆದು ಬೆಳ್ಳಗೆ ಹೊಳೆಯುವ ತಗಡಿಗೆ ಬಿಗಿಯಬೇಕು. ಕೊನೆಗೆ ಆಂಪ್ಲಿಫೈಯರಿನ ಮೇಲಿರುವ ಗೇನ್ ಎಂಬ ತಿರುಪನ್ನು ತೀರ ಕೆಳಗಿಟ್ಟು, ಹಾಡು ಒಡೆಯದಷ್ಟಕ್ಕೆ ಮೆಲ್ಲಗೆ ಏರಿಸಬೇಕು. “ಗೇನ್ ಅಂದ್ರ ವಾಲ್ಯೂಮ್ ಅನ್ಕೊಂಡು ಪೂರಾ ತಿರುವಿ ಸ್ಪೀಕರ್ ಹರಕೊಂಡ ಮಂದಿ ಭಾಳ ಅದಾರ,” ಎಂದು ಧರೆಪ್ಪ ನಗುತ್ತಾರೆ.

ಆದರೆ ಹಗಲೆಲ್ಲ ಗಾಡಿಗಳ ಡಿಕ್ಕಿಯಲ್ಲಿ ತಲೆಯಿಟ್ಟು ಬೇಸ್ ಪರೀಕ್ಷಿಸಿದ್ದಕ್ಕೆ ಅವರ ಕಿವಿ ದಂಡ ತೆತ್ತಿದೆ. ದಪ್ಪ ದನಿ ಕೇಳುತ್ತದೆ, ಸಣ್ಣದು ಕೇಳುವುದಿಲ್ಲ. ಹೋದದ್ದು ತಿರುಗಿ ಬರುವುದಿಲ್ಲವೆಂದು ಡಾಕ್ಟರು ಹೇಳಿ ಮೂರು ವರ್ಷವಾಯಿತು. ಅಂದಿನಿಂದ ಈ ಅಂಗಡಿ ನಿಂತಿರುವುದು ಗುರುಬಾಯಿಯವರ ಕಿವಿಯ ಮೇಲೆ.

ಆ ಕಿವಿ ಪಳಗಿದ್ದು ಕುರಿಗಳ ನಡುವೆ. ಗುರುಬಾಯಿಯವರ ತವರು ಬೀಳಗಿ ಕಡೆಯ ಹೊಳೆದಂಡೆಯ ಹಳ್ಳಿ. ಸಂಜೆ ಹಿಂಡು ಮರಳಿದಾಗ ಹಟ್ಟಿಯೊಳಗಿನ ಮರಿಗಳೆಲ್ಲ ಒಮ್ಮೆಲೇ ಒದರುತ್ತಿದ್ದವು. ಯಾವ ಮರಿಯನ್ನು ಯಾವ ತಾಯಿಯ ಕೆಳಗೆ ಬಿಡಬೇಕೆಂದು ಕತ್ತಲಲ್ಲೂ ದನಿಯಿಂದಲೇ ಹೇಳುವುದು ಅವರ ಕೆಲಸವಾಗಿತ್ತು. ಆಣೆಕಟ್ಟಿನ ಹಿನ್ನೀರು ಬಂದು ಹುಲ್ಲುಗಾವಲು ಮುಳುಗಿತು. ಮದುವೆಯಾಗಿ ಬಂದ ಚಿಮ್ಮಡದಲ್ಲೂ ಬಯಲೆಲ್ಲ ಕಬ್ಬಾಗಿ ಕುರಿ ಮಾರಬೇಕಾಯಿತು. ಊರಲ್ಲಿ ರೇಡಿಯೋ ಬಿಚ್ಚಿ ಜೋಡಿಸುತ್ತಿದ್ದ ಧರೆಪ್ಪ ಪೇಟೆಗೆ ಬಂದು ಶೆಡ್ಡು ಹಾಕಿದರು.

ಮೊದಲ ದಿನಗಳ ಫಜೀತಿಯನ್ನು ಗುರುಬಾಯಿ ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳುತ್ತಾರೆ. ಸಬ್‌ವೂಫರಿನ ಡಬ್ಬಿಯೊಳಗೆ ಅರಳೆಯಂಥದ್ದೇನಾದರೂ ತುಂಬಿದರೆ ದನಿ ಮೆತ್ತಗಾಗುತ್ತದೆ. ಮನೆಯಲ್ಲಿ ಕುರಿಗಳ ಕಾಲದ ಉಣ್ಣೆ ಉಳಿದಿರುವಾಗ ಪೇಟೆಯದ್ದೇಕೆ ಎಂದು, ಕತ್ತರಿಸಿದ್ದನ್ನು ತೊಳೆಯದೆ ಹಾಗೆಯೇ ತುರುಕಿದರು. “ಬ್ಯಾಸಗಿ ಬಂತ ನೋಡ್ರಿ, ಗಾಡಿ ತುಂಬ ಟಗರಿನ ವಾಸನಿ! ಗಾಡಿ ಸಾವಕಾರ್ರು ಬಂದು, ‘ಏ ಧರೆಪ್ಪ, ಹಾಡ ಕೇಳಾಕ ಕೊಟ್ಟೀಯೋ, ಟಗರ ಕಟ್ಟಾಕ ಕೊಟ್ಟೀಯೋ’ ಅಂತ ಒದರ್ಯಾಡಿದ್ರು. ಈಗ ಮೂರ ನೀರಿನ್ಯಾಗ ತೊಳದು, ಬಿಸಲಿಗೆ ಒಣಗಿಸಿ, ಹಿಂಜಿ ತುಂಬತೇನಿ. ದನಿ ಭಾಳ ಛಲೋ ಬರತೈತ್ರಿ.”

ಸಿಳ್ಳು ಹಿಡಿಯುವ ಕೆಲಸವೂ ಹಾಗೇ ಅಚಾನಕ್ಕಾಗಿ ಬಂದದ್ದು. ಲೋಕಾಪುರದ ಗಿರಾಕಿಯೊಬ್ಬರು ಒಂದೇ ದೂರು ಹೊತ್ತು ಮತ್ತೆ ಮತ್ತೆ ಬರುತ್ತಿದ್ದರು. ಧರೆಪ್ಪನವರಿಗೆ ಏನೂ ಕೇಳದು. ಬುತ್ತಿ ತಂದಿದ್ದ ಗುರುಬಾಯಿ ಗಾಡಿಯೊಳಗೆ ಇಣುಕಿ, “ಇದರಾಗ ಯಾರ ಸಿಳ್ಳ ಹೊಡ್ಯಾಕತ್ತಾರ?” ಎಂದು ಕೇಳಿಬಿಟ್ಟರು.

ಇವತ್ತು ಟವೇರಾದಲ್ಲಿ ಸಿಳ್ಳಿದೆ ಎಂದಾಗಿದೆ. ಧರೆಪ್ಪ ಹಿಂದಿನ ಸೀಟು ಕಿತ್ತು ಅರ್ಥಿಂಗ್ ನೋಡುತ್ತಾರೆ. ಬೆಳ್ಳಗೆ ಕೆರೆದ ತಗಡು, ಬಿಗಿಯಾದ ಬೋಲ್ಟು. ನೆಲಹಾಸು ಎತ್ತುತ್ತಾರೆ. ಎರಡೂ ತಂತಿ ಬೇರೆ ಬೇರೆ ಬದಿಗಿವೆ. ಎಲ್ಲವೂ ಸರಿ. ಮತ್ತೆ ಎಂಜಿನ್ ಏರಿಸುತ್ತಾರೆ.

“ಐತಿ,” ಎನ್ನುತ್ತಾರೆ ಗುರುಬಾಯಿ.

ಶಿವಪುತ್ರ ತಲೆ ಚಚ್ಚಿಕೊಳ್ಳುತ್ತಾನೆ. “ಎಲ್ಲೈತ್ರಿ ವೈನಿ? ಧರೆಪ್ಪಣ್ಣಗ ಕೇಳೂದಿಲ್ಲ, ನನಗ ಕೇಳೂದಿಲ್ಲ, ನಿಮಗೊಬ್ಬರಿಗೇ ಏನ ದೇವರ ಬಂದ ಹೇಳಿ ಹೋಗ್ಯಾನೇನ?”

ಧರೆಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟು ಹೆಂಡತಿಯ ಮುಖ ನೋಡುತ್ತಾರೆ. ಬೈಗುಳವಲ್ಲ, ಅಂಜಿಕೆಯೇ ಮಾತಾಗಿ ಹೊರಬರುತ್ತದೆ: “ಗುರುಬಾಯಿ, ನಿನ್ನ ಕಿವಿನೂ ಗುಂಯ್ ಅನ್ನಾಕತ್ತಾವೇನ, ನನ್ನಂಗ?”

ಅವರ ಕಿವಿ ಕೆಡುವ ಮೊದಲು ಆದದ್ದೂ ಹೀಗೆಯೇ. ಇಲ್ಲದ ಸದ್ದು ಒಳಗೇ ಕೇಳುತ್ತಿತ್ತು. ಗುರುಬಾಯಿಗೂ ಅದು ಗೊತ್ತು. ಈ ಕಿವಿಯೂ ಹೋದರೆ ನಾಳೆಯಿಂದ ಯಾರ ಮಾತಿನ ಮೇಲೆ ಗಾಡಿ ಹೊರಗೆ ಬಿಡುವುದು? ಅವರು ಗಾಡಿಯಿಂದ ಇಳಿಯುತ್ತಾರೆ. ಶೆಡ್ಡಿನ ಹಿಂದಕ್ಕೆ ಹೋಗಿ ಗೋಡೆಗೆ ಆತು ನಿಂತು, ಕಿವಿಯೊಳಗಿನ ಸದ್ದಿಗಾಗಿ ಕಾಯುತ್ತಾರೆ. ಏನೂ ಇಲ್ಲ. ಚಹಾದಂಗಡಿಯಲ್ಲಿ ಟ್ಯೂಬ್‌ಲೈಟಿನ ಚೋಕು ಸಣ್ಣಗೆ ಗುಂಯ್‌ಗುಡುತ್ತಿದೆ. ಅಂಗಡಿಯವರು ಲೈಟು ಆರಿಸುತ್ತಾರೆ. ಸದ್ದು ಪಟ್ಟನೆ ನಿಲ್ಲುತ್ತದೆ. ಆಮೇಲೆ ಬರೀ ಹಾಲು ಉಕ್ಕುವ ಸದ್ದು.

ಗುರುಬಾಯಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮರಳುತ್ತಾರೆ. “ನನ್ನ ಕಿವಿ ಛಲೋ ಅದಾವ. ಆಂಪ್ಲಿಫೈಯರಿಗೆ ಬಂದ ಹಾಡಿನ ತಂತಿ ಕಿತ್ರಿ.”

ಧರೆಪ್ಪ ಕೀಳುತ್ತಾರೆ. ಎಂಜಿನ್ ಏರುತ್ತದೆ.

“ಹೋತು. ಮತ್ತ ಹಾಕ್ರಿ.”

ಹಾಕುತ್ತಾರೆ.

“ಬಂತು. ಹಿಂದ ಹುಡುಕಬ್ಯಾಡ್ರಿ. ಇದು ಮುಂದಿಂದ ಬರಾಕತ್ತೈತಿ.”

ಡೆಕ್ಕನ್ನು ಹೊರಗೆಳೆದಾಗ ಕಳ್ಳ ಸಿಕ್ಕಿಬೀಳುತ್ತಾನೆ. ಗಾಡಿಯಲ್ಲಿ ಮೊದಲೇ ಇದ್ದ ಆ ಡೆಕ್ಕನ್ನು ಕೂರಿಸಿದ ಯಾರೋ ಅದರ ಅರ್ಥಿಂಗ್ ತಂತಿಯನ್ನು ಬಣ್ಣ ಬಳಿದ ಪಟ್ಟಿಯೊಂದಕ್ಕೆ ಸುಮ್ಮನೆ ಸುತ್ತಿ, ಮೇಲೆ ಟೇಪು ಸುತ್ತಿದ್ದಾರೆ. ಧರೆಪ್ಪ ಬೇರೆ ಕಡೆ ಬಣ್ಣ ಕೆರೆದು ತಂತಿ ಬಿಗಿಯುತ್ತಾರೆ. ಗುರುಬಾಯಿ ಮತ್ತೆ ಹಿಂದಿನ ಸೀಟಿನಲ್ಲಿ ಕುಳಿತು ಕಣ್ಣು ಮುಚ್ಚುತ್ತಾರೆ. ಎಂಜಿನ್ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ.

ಅವರ ಬಾಯಿಂದ ಮಾತು ಬರುವ ಮೊದಲೇ ಶಿವಪುತ್ರ ಬಾಗಿಲೊಳಗೆ ತಲೆ ತೂರಿಸುತ್ತಾನೆ. “ಅಯ್ಯ, ವೈನಿ! ಏನೋ ಒಂದು ನಿಂತಂಗಾತಲ್ರಿ! ಈ ಸಪ್ಪಳ ನಾ ಗಾಡಿ ತಗೊಂಡಾಗಿಂದ ಇತ್ತು. ಎಂಜಿನ್ನೇ ಹಂಗ ಅನ್ಕೊಂಡಿದ್ನೆಲ್ಲ!”

“ಈಗ ಹಚ್ಚ ನಿನ್ನ ಹಾಡ,” ಎನ್ನುತ್ತಾರೆ ಗುರುಬಾಯಿ, “ನಾ ಇಳದ ಮ್ಯಾಲ.”

ಜೋರು ಹಾಡಿರುವಾಗ ಅವರು ಗಾಡಿಯಲ್ಲಿ ಕೂರುವುದಿಲ್ಲ. ಗಂಡನ ಕಿವಿಗೆ ಆದದ್ದನ್ನು ಕಂಡು ಹಾಕಿಕೊಂಡ ನೇಮವದು. ಶಿವಪುತ್ರನ ಬೇಸು ಶೆಡ್ಡಿನ ತಗಡನ್ನು ನಡುಗಿಸುವಾಗ ಅವರು ರಸ್ತೆಯಾಚೆ ನಿಂತು, ಬೆರಳಿನಿಂದ ಕಿವಿ ಮುಚ್ಚಿಕೊಂಡು ನಗುತ್ತಿರುತ್ತಾರೆ. ಟವೇರಾ ರಬಕವಿಯ ದಾರಿ ಹಿಡಿದಾಗ ಬೀಗರಿಗೆ ಕೊಟ್ಟ ಮಾತಿಗೆ ಇನ್ನೂ ವೇಳೆ ಉಳಿದಿದೆ.

ಫಲಕದ ಮೇಲೆ ನಿಮ್ಮ ಹೆಸರೂ ಬೇಡವೇ ಎಂದು ಕೇಳಿದರೆ ಗುರುಬಾಯಿ ಉಣ್ಣೆ ಹಿಂಜುವ ಕೈ ನಿಲ್ಲಿಸುವುದಿಲ್ಲ. “ಹೆಸರ ತಗೊಂಡ ಏನ ಮಾಡೂದ್ರಿ? ನಾ ಹೂಂ ಅನ್ನೂತನಾ ಇಲ್ಲಿಂದ ಗಾಡಿ ಹೊರಗ ಹೋಗಂಗಿಲ್ಲ. ಅದು ಸಾಕು.”

ಅಷ್ಟರಲ್ಲಿ ಪಕ್ಕದ ಚಹಾದಂಗಡಿಯಿಂದ ಧರೆಪ್ಪನವರ ದನಿ. ಕಪ್ಪು ಹಿಡಿದು, ಅಂಗಡಿಯವರ ಕಿವಿಯ ಹತ್ತಿರ ಬಾಗಿ, ಗುಟ್ಟು ಹೇಳುವವರಂತೆ ಏನೋ ಹೇಳುತ್ತಿದ್ದಾರೆ: “ಇವತ್ತ ಆಕಿದೇ ಖರೆ ಆತು ನೋಡಪಾ. ನಾನ ಸೋತೆ. ಅಂಥಾ ಕಿವಿ ಈ ಪ್ಯಾಟ್ಯಾಗ ಮತ್ತ್ಯಾರಿಗೂ ಇಲ್ಲ. ಆಕಿಗೆ ಹೇಳಬ್ಯಾಡ.” ಬಸ್ಸಿಗೆ ಕಾಯುತ್ತಿರುವವರೆಲ್ಲ ತಿರುಗಿ ನೋಡುತ್ತಾರೆ.

ಗುರುಬಾಯಿ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾರೆ. “ಅವರಿಗೆ ತಮ್ಮ ದನಿ ಎಷ್ಟ ದೊಡ್ಡದು ಅನ್ನೂದ ಗೊತ್ತಾಗೂದಿಲ್ರಿ,” ಎಂದು ಮೆಲ್ಲಗೆ ಹೇಳುತ್ತಾರೆ. “ಕಿವಿ ಹೋದದ್ದಕ್ಕ ಇದೊಂದು ಛಲೋ ಆಗೈತಿ. ಹೊಗಳಿದ್ರ ಓಣಿಗೆಲ್ಲಾ ಕೇಳಸ್ತೈತಿ.”