ಹುಲುಗಪ್ಪ ಮಾಡದ ಆಣೆ

ಹುಲುಗಪ್ಪಾ, ನಮ್ಮೂರ ಕಲ್ಯಾಣಮಂಟಪದ ತಾಮ್ರ ಕದ್ದವನು ನೀನಲ್ಲ, ಇಸ್ಪೀಟಿನ ಚಟಕ್ಕೆ ಬಿದ್ದಿದ್ದ ನನ್ನ ತಮ್ಮ. ಅದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ನಿನ್ನನ್ನು ಗುಡಿಯ ಕಟ್ಟೆಯ ಮೇಲೆ ನಿಲ್ಲಿಸಿದವನು ನಾನು.

ಸಿಡಿಲು ಬಡಿಯಬಾರದೆಂದು ಮಾಳಿಗೆಯಿಂದ ನೆಲದವರೆಗೆ ಇಳಿಸಿದ್ದ ತಾಮ್ರದ ಪಟ್ಟಿ ಅದು. ನೀನು ಅಲ್ಲಿನ ಕಾವಲುಗಾರ, ನಾನು ಕಮಿಟಿಯ ಅಧ್ಯಕ್ಷ. ಕಳುವಾದ ಮರುದಿನ ಬೆಳಿಗ್ಗೆ ನೀನು ಎಲ್ಲರಿಗಿಂತ ಮೊದಲು ನಮ್ಮ ಹಿತ್ತಲಿಗೆ ಬಂದು, ದನಿ ತಗ್ಗಿಸಿ ಹೇಳಿದ್ದೆ— "ಸಣ್ಣಗೌಡ್ರು ಪಟ್ಟಿ ಬಿಚ್ಕೊಂಡು ಹೋಗ್ಯಾರ್ರಿ. ನಾ ಬ್ಯಾಡಂದ್ರೂ ಕೇಳಲಿಲ್ಲ. ನೀವ ಒಂದು ಮಾತು ಹೇಳ್ರಿ."

"ನಾ ನೋಡ್ಕೋತೀನಿ. ನೀ ಯಾರ ಮುಂದೂ ಬಾಯಿ ಬಿಡಬ್ಯಾಡ," ಎಂದೆ ನಾನು. ನೀನು ತಲೆಯಾಡಿಸಿದೆ.

ಏನು ನೋಡಿಕೊಂಡೆ? ತಮ್ಮನಿಗೆ ಸಿರುಗುಪ್ಪದ ದೊಡ್ಡ ಮನೆತನದ ಸಂಬಂಧ ನಿಶ್ಚಯವಾಗಿತ್ತು— ಮನೆಯ ಮರ್ಯಾದೆ ನೋಡಿಕೊಂಡೆ. ಸಂಜೆ ಗುಡಿಯ ಮುಂದೆ ಊರೆಲ್ಲ ಸೇರಿತು. ಯಾರೋ ತಟ್ಟೆಯಲ್ಲಿ ವಿಭೂತಿ ಗಟ್ಟಿ ತಂದಿಟ್ಟರು. 'ನಾನು ಕದ್ದಿಲ್ಲ, ಕದ್ದವರು ಯಾರೆಂದು ಗೊತ್ತೂ ಇಲ್ಲ'— ನಮ್ಮಲ್ಲಿ ವಿಭೂತಿ ಮುಟ್ಟಿ ಆಣೆ ಮಾಡುವವನು ಎರಡೂ ಮಾತು ಹೇಳಬೇಕು. ಹಿರಿಯನೆನಿಸಿಕೊಂಡ ನಾನೇ ತಟ್ಟೆಯನ್ನು ನಿನ್ನ ಮುಂದೆ ಹಿಡಿದೆ. ನೀನು ಒಂದು ಸುಳ್ಳು ಹೇಳಿ ಬಚಾವಾಗುತ್ತೀ ಅಂದುಕೊಂಡಿದ್ದೆನೋ— ಇಲ್ಲ, ಅಷ್ಟೂ ಯೋಚಿಸಿರಲಿಲ್ಲ. ನನ್ನ ಮನೆ ಉಳಿದರೆ ಸಾಕಿತ್ತು.

"ಕದ್ದಿಲ್ಲ ಅಂತ ಮುಟ್ಟತೀನಿ," ಅಂದೆ ನೀನು. "ಗೊತ್ತಿಲ್ಲ ಅನ್ನಾಕ ಆಗಂಗಿಲ್ರಿ."

"ಹಂಗಾದ್ರ ಯಾರಲೇ? ಹೇಳು," ಎಂದು ಜನ ಮುಗಿಬಿದ್ದರು. ನೀನು ನನ್ನ ಮುಖ ನೋಡಿದೆ. ನಾನು ತಟ್ಟೆ ನೋಡಿದೆ. ಇವನದೂ ಪಾಲಿದೆ ಎಂದು ಊರು ತೀರ್ಮಾನಿಸಿತು. ನಿನ್ನ ಕೆಲಸ ಹೋಯಿತು. ಆಮೇಲೆ ಸುತ್ತಲಿನ ಯಾವ ಊರಿನಲ್ಲೂ ನಿನ್ನನ್ನು ಕಾವಲಿಗೆ ಇಟ್ಟುಕೊಳ್ಳಲಿಲ್ಲ.

ನಾನೋ, ಮಂಟಪಕ್ಕೆ ಕ್ಯಾಮೆರಾ ಹಾಕಿಸಿದೆ. ಹೊಸ ಪಟ್ಟಿಯ ಮೇಲೆ ಕಬ್ಬಿಣದ ಪೈಪು ಕೂಡಿಸಿ ವೆಲ್ಡಿಂಗ್ ಮಾಡಿಸಿದೆ. ಊರಿನ ಆಸ್ತಿ ಕಾದವನೆಂದು ಶಾಲು ಹೊದಿಸಿದರು. ನಾಚಿಕೆಗೆಟ್ಟವನು, ಹೊದ್ದುಕೊಂಡೆ.

ಮೊನ್ನೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಿನ್ನನ್ನು ಕಂಡೆ. ನೀನು ಗುಜರಿ ಅಂಗಡಿಯ ಮುಂದೆ ಕೂತು ಹಳೆಯ ವಯರುಗಳ ಸಿಪ್ಪೆ ಸುಲಿಯುತ್ತಿದ್ದೆ. ನನ್ನನ್ನು ನೋಡಿ ಎದ್ದು, ಕುರ್ಚಿ ಒರೆಸಿದೆ.

"ಕುಂದರ್ರಿ ಗೌಡ್ರ. ಸಣ್ಣಗೌಡ್ರು ಆರಾಮ ಅದಾರ?"

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. "ಆರಾಮ ಅದಾನ," ಎಂದೆ— ಇಷ್ಟು ವರ್ಷಗಳ ಮೇಲೆ ನನ್ನ ಬಾಯಿಗೆ ಬಂದದ್ದು ಅದೊಂದೇ.

ಬರುವ ಸೋಮವಾರ ಅದೇ ಕಟ್ಟೆಯ ಮೇಲೆ ನಿಂತು, ವಿಭೂತಿ ಮುಟ್ಟಿ, ಎಲ್ಲರ ಮುಂದೆ ನಿಜ ಹೇಳುತ್ತೇನೆ. ತಮ್ಮ ಮುಖ ತಿರುಗಿಸಿದರೆ ತಿರುಗಿಸಲಿ. ಇದರಿಂದ ನೀನು ಕಳೆದುಕೊಂಡದ್ದು ಮರಳುವುದಿಲ್ಲ, ಗೊತ್ತು. ನೀನು ಬರಬೇಡ, ಹುಲುಗಪ್ಪಾ— ನಿನ್ನನ್ನು ಇನ್ನೊಮ್ಮೆ ಆ ಕಟ್ಟೆಗೆ ಕರೆಯುವ ಮುಖ ನನಗಿಲ್ಲ.