ಸಾಹೇಬರ ಕುರ್ಚಿಯಲ್ಲಿ ಕೂತ ದಿನ

ಮೊನ್ನೆ ಹಿತ್ತಲ ಬೇಲಿಗೆ ಹಬ್ಬಿದ್ದ ತೊಂಡೆಬಳ್ಳಿ ಕೀಳುವಾಗ ಎಲೆ ನುರಿದು ರಸ ಅಂಗೈಗೆ ಹತ್ತಿತು. ಮೂಗಿನ ಹತ್ತಿರ ಹಿಡಿದೆ... ಅಷ್ಟೇ ಸಾಕಾಯಿತು. ಶನಿವಾರ ಬಂತೆಂದರೆ ಇದೇ ಎಲೆಯನ್ನು ಇದ್ದಿಲ ಜೊತೆ ಅರೆದು ಶಾಲೆಯ ಕರಿಹಲಗೆಗೆ ಬಳಿಯುತ್ತಿದ್ದೆವು. ಹಲಗೆಗಿಂತ ಬಾಜೂ ಕೂತವರ ಮುಖಕ್ಕೇ ನಾನು ಹೆಚ್ಚು ಬಳಿದದ್ದು. ಆ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಮೂಡಲಗಿ ಸುತ್ತಮುತ್ತ ಇನ್ನೂ ಹುಟ್ಟಿಲ್ಲ.

ಆ ವಾಸನೆಯ ಹಿಂದೆಯೇ ನಮ್ಮ ಭೂಗೋಳದ ಮಾಸ್ತರರು ಬಂದು ನಿಂತರು. ಸಣ್ಣ ಆಳು, ದೊಡ್ಡ ದನಿ. ಪಾಠಕ್ಕೆ ಮುಂಚೆ ದಿನವೂ ಒಂದೇ ಮಾತು: "ಇವತ್ತ ಪಾಠದಾಗ ಒಂದ್ ಸುಳ್ಳ ಸೇರಸ್ತೇನಿ. ಹಿಡದಾಂವ ನನ್ನ ಕುರ್ಚಿ ಮ್ಯಾಲೆ ಕುಂದರಲಿ."

ಆಮೇಲೆ ನಿದ್ದೆ ಯಾರಿಗೆ ಬಂದೀತು? ಅವರ ಒಂದೊಂದು ಮಾತನ್ನೂ ಕಳ್ಳನನ್ನು ನೋಡಿದಂತೆ ನೋಡುತ್ತಿದ್ದೆವು. ಅನುಮಾನ ಬಂದರೆ ಎದ್ದು "ತಪ್ಪ!" ಎಂದು ಕೂಗಬೇಕು, ಯಾಕೆ ತಪ್ಪು ಎಂದೂ ಹೇಳಬೇಕು. ಕುರಿ ಕಾಯುವವರ ಮನೆಯ ಹುಡುಗಿಯೊಬ್ಬಳು ವರ್ಷವಿಡೀ ಬಾಯಿ ಬಿಟ್ಟವಳಲ್ಲ. ಮಳೆಗಾಳಿ ಬೀಸುವ ದಿಕ್ಕನ್ನು ಮಾಸ್ತರರು ಉಲ್ಟಾ ಹೇಳಿದ ದಿನ ಅವಳೂ ಎದ್ದಳು. ಕುರ್ಚಿಯಲ್ಲಿ ಕೂತು, ಕಾಲು ನೆಲಕ್ಕೆ ನಿಲುಕದೆ, ಗಂಟೆ ಬಾರಿಸುವವರೆಗೂ ನಗುತ್ತಲೇ ಇದ್ದಳು... ಆದರೂ ಹೆಚ್ಚು ಸಲ ಕೂತವನು ನಾನೇ. ಆ ಕುರ್ಚಿಯನ್ನು ಬಡಿಗೇರರು ನನ್ನ ಕುಂಡಿಯ ಅಳತೆಗೇ ಮಾಡಿದ್ದರು ಎಂದು ಈಗಲೂ ಹೇಳಿಕೊಂಡು ತಿರುಗುತ್ತೇನೆ.

ಈ ಗದ್ದಲದ ಮೇಲೆ ದೂರು ಹೋಯಿತು. ಇನ್‌ಸ್ಪೆಕ್ಟರ್ ಸಾಹೇಬರು ಪಾಠ ನೋಡಲು ಬರುತ್ತಾರೆ, ಮೆಚ್ಚದಿದ್ದರೆ ಮಾಸ್ತರರನ್ನು ನಮ್ಮೂರಿನಿಂದ ಎತ್ತುತ್ತಾರೆ ಎಂಬ ಸುದ್ದಿ ಬಂತು. ಹೆಡ್‌ಮಾಸ್ತರರು ನಮ್ಮೆದುರೇ ಅಂಗಲಾಚಿದರು: "ಒಂದ್ ದಿನ ಸುಮ್ನ ಪುಸ್ತಕ ಓದಸ್ರಿ ಮಾಸ್ತರ."

"ಒಂದ್ ದಿನ ಯಾಕ್ರಿ? ವರ್ಷಾನಗಟ್ಲೆ ಓದಸೇವಿ. ಯಾರಿಗರ ಏನರ ಬಂದೈತೇನ್ರಿ?"

ಸಾಹೇಬರು ಬಂದರು, ಮಾಸ್ತರರ ಕುರ್ಚಿಯಲ್ಲಿ ಕೂತರು. ಮಾಸ್ತರರ ಎಂದಿನ ಪಾಠದ ನಡುವೆ ಎರಡು ಸಲ "ತಪ್ಪ!" ಕೇಳಿದ್ದೇ ತಡ, ಎದ್ದು ಮಾಸ್ತರರ ಕೈಯಿಂದ ಸುಣ್ಣದ ಕಡ್ಡಿ ಕಸಿದುಕೊಂಡರು. "ಪಾಠ ಅಂದ್ರ ಹಿಂಗ್ ಮಾಡ್ಬೇಕು," ಎಂದು ಘಟಪ್ರಭಾ ಹೊಳೆಯ ನಕಾಶೆ ಬರೆದರು. ಹುಕ್ಕೇರಿ ಕಡೆಯಿಂದ ಹೊಳೆ ಹೊರಟಿತು, ಗೋಕಾಕ ದಾಟಿತು, ಅದರ ಮುಂದೆ ನಮ್ಮೂರ ದಿಕ್ಕಿಗೆ ಗೋಕಾಕ ಫಾಲ್ಸ್ ಬಂತು!

ಸಾಹೇಬರೂ ಆಟಕ್ಕೆ ಸೇರಿದ್ದಾರೆಂದು ತಿಳಿದೆ ಅಂತ ಆಮೇಲೆ ಊರಿಗೆಲ್ಲ ಹೇಳಿದೆ. ಎಲ್ಲಿಯದು, ಅದು ಸಾಹೇಬರ ಖರೇ ತಪ್ಪೆಂದು ಗೊತ್ತಿದ್ದೇ ಎದ್ದವನು ನಾನು.

"ತಪ್ಪ! ಸಾಹೇಬ್ರ, ನಮ್ಮೂರಿಂದ ಹೋಗುವಾಗ ಗೋಕಾಕ ಮೊದಲ ಸಿಗ್ತೈತ್ರಿ, ಫಾಲ್ಸ್ ಆಮ್ಯಾಲೆ. ನಿಮ್ಮ ನಕಾಶಿ ಹಿಡದ ಹೋದ್ರ ಬಸ್ಸಿನಾಗಿನ ಮಂದಿ ಫಾಲ್ಸಿನಾಗ ಬಿದ್ದ ಎದ್ದ ಗೋಕಾಕ ಸಂತಿಗೆ ಹೋಗ್ಬೇಕಾಗ್ತೈತ್ರಿ!"

ವರ್ಗವೆಲ್ಲ ಹೋ ಎಂದಿತು. ಕುರ್ಚಿ ಖಾಲಿ ಇತ್ತು. ಹೋಗಿ ಕೂತುಬಿಟ್ಟೆ.

ಹೆಡ್‌ಮಾಸ್ತರರು ಬೆತ್ತ ಹಿಡಿದು ಬಂದರು. ಮಾಸ್ತರರು ನಡುವೆ ನಿಂತರು. ಸಾಹೇಬರ ಕಿವಿ ಕೆಂಪಾಗಿದ್ದವು. "ಈ ಹುಡುಗ ಕ್ಷಮಾ ಕೇಳ್ಲಿ. ಇವತ್ತಿಂದ ಈ ಆಟ ಬಂದ್. ಇಲ್ಲಂದ್ರ ನಿಮ್ಮ ವರ್ಗಾವಣಿ ಖರೆ."

"ಇಂವ ಕ್ಷಮಾ ಕೇಳಿದ್ರ ನಕಾಶಿ ಸರಿ ಆಗ್ತೈತೇನ್ರಿ ಸಾಹೇಬ್ರ?"

ಅಷ್ಟರಲ್ಲಿ ನಾನು ಕುರ್ಚಿಯ ತುದಿಗೆ ಜರುಗಿದ್ದೆ. ಏಳಲು ಹೊರಟೆ. ಮಾಸ್ತರರು ತಿರುಗಿಯೂ ನೋಡಲಿಲ್ಲ. "ಏಳಬ್ಯಾಡ. ಕುಂತಿರು."

ಕುಂತಿದ್ದೆ.

ಮಾಸ್ತರರನ್ನು ಹುಕ್ಕೇರಿಯ ಆಚೆ ಎಲ್ಲಿಗೋ ಹಾಕಿದರು. ಬಸ್ಸು ಹತ್ತುವಾಗ ಹುಡುಗರೆಲ್ಲ ಸುತ್ತ ನಿಂತಿದ್ದೆವು. "ಸುಗ್ಗಿ ಮುಗದ ಕೂಡ್ಲೇ ಬಂದಬಿಡ್ತೇನಿ," ಎಂದರು. ಅವತ್ತಿನ ಸುಳ್ಳು ಅದೇ ಎಂದು ಎಲ್ಲರಿಗೂ ಗೊತ್ತಾಯಿತು. ಯಾರೂ "ತಪ್ಪ!" ಎಂದು ಕೂಗಲಿಲ್ಲ...

ಎಷ್ಟೋ ವರ್ಷಗಳ ಮೇಲೆ, ಮೀಸೆ ಬೆಳ್ಳಗಾದ ಮೇಲೆ, ಆ ಕಡೆ ಹೋಗಿ ಮನೆ ಹುಡುಕಿದೆ. ಅವರು ತೀರಿಕೊಂಡಿದ್ದರು. ಮಾಸ್ತರರ ಹೆಂಡತಿ ಚಹಾ ಕೊಟ್ಟು ಗೊಣಗಿದರು: "ಇಲ್ಲೂ ಅದ ಗದ್ದಲ ಮಾಡಸ್ತಿದ್ರಪಾ. ಮತ್ತ ವರ್ಗಾ, ಮತ್ತ ಗಂಟಮೂಟಿ. ಹೇಳಿ ಹೇಳಿ ನಾನ ಸೋತೆ." ಗೊಣಗುವಾಗಲೂ ಅವರ ದನಿಯಲ್ಲಿ ಸಣ್ಣ ಜಂಬವಿತ್ತು.

ಈಗ ಶನಿವಾರ ಮುಂಜಾನೆ ನಾನು ಊರ ಶಾಲೆಗೆ ಹೋಗಿ ಒಂದು ತಾಸು ಭೂಗೋಳ ಹೇಳುತ್ತೇನೆ. ಯಾರೂ ಕರೆದಿಲ್ಲ. ಬರಬೇಡಿ ಎಂದರೂ ಬಿಟ್ಟಿಲ್ಲ. ಹುಡುಗರು ನನ್ನ ಸುಳ್ಳು ಹಿಡಿಯಲು ಪೈಪೋಟಿಗೆ ಬಿದ್ದು ಕೂಗುತ್ತಾರೆ. ಗದ್ದಲ ತಾಳದೆ ಈಗಿನ ಹೆಡ್‌ಮಾಸ್ತರರು ಹೋದ ವಾರ ಹೊರಗಿನಿಂದ ಬಾಗಿಲು ಎಳೆದುಕೊಂಡರು. ನಾನೇ ಹೋಗಿ ಮತ್ತೆ ತೆರೆದೆ. ಕೇಳಲಿ, ಹುಕ್ಕೇರಿಯವರೆಗೂ ಕೇಳಲಿ... ಅಲ್ಲಿ ಕೇಳಿಸಿಕೊಳ್ಳುವವರು ಇಲ್ಲವೆಂದು ನನಗೂ ಗೊತ್ತು.