ಒಂದು ಕಲ್ಲಿನಷ್ಟು ಜಾಗ

ಗುತ್ತಲದ ಬುಡನಸಾಬ ಯಾರ ಮನೆಗೆ ಹೋದರೂ ಮೊದಲು ನೆಲ ನೋಡುತ್ತಿದ್ದ, ಆಮೇಲೆ ಮನೆಯವರ ಮುಖ. ಅವನ ಕಸುಬೇ ಅಂಥದ್ದು. ರಾಣೆಬೆನ್ನೂರಿನ ಅಂಗಡಿಗಳಿಗೆ ಲಾರಿಯಲ್ಲಿ ಬಂದಿಳಿಯುವ ಶಾಬಾದಿ ಕಲ್ಲನ್ನು ಮನೆಮನೆಗೆ ಹಾಸುವ ಗೌಂಡಿ ಅವನು. ಆ ಕಡೆಯವರು ಅದಕ್ಕೆ ಪರಸಿ ಹಾಕುವುದು ಎನ್ನುತ್ತಾರೆ. ಗುತ್ತಲದಿಂದ ಹಾವೇರಿಯವರೆಗೆ ಅವನು ಹಾಕಿದ ಪರಸಿಯ ಮೇಲೆ ನಿಕಾಹಗಳಾಗಿದ್ದವು, ಸೀಮಂತಗಳಾಗಿದ್ದವು, ಮೆಣಸಿನಕಾಯಿಯ ಚೀಲಗಳು ಮಾಳಿಗೆ ಮುಟ್ಟುವಂತೆ ಬಿದ್ದಿದ್ದವು. ಅವನ ಮನೆಯದು ಮಾತ್ರ ಮಣ್ಣಿನ ನೆಲ. ಹೆಂಡತಿ ಜೈತೂನಬಿ ಪ್ರತಿ ಗುರುವಾರ ಸಂಜೆ ಸಗಣಿ ಕಲಸಿ, ಮಂಡಿಯೂರಿ, ಗೋಡೆಯಿಂದ ಹೊಸ್ತಿಲವರೆಗೆ ಸಾರಿಸುತ್ತಿದ್ದ ನೆಲ.

ತೊಂಬತ್ತನೇ ಇಸವಿಯ ಚಳಿಗಾಲದಲ್ಲಿ ಜೈತೂನಬಿಯ ಎರಡೂ ಮೊಣಕಾಲು ಬಾತುಕೊಂಡವು. ಹಾವೇರಿಯ ಡಾಕ್ಟರು ಒತ್ತಿ ನೋಡಿ, ಹಸಿ ನೆಲದ ಮೇಲೆ ಕೂರಬಾರದು, ಬಗ್ಗಿ ಸಾರಿಸುವುದಂತೂ ಬಿಟ್ಟೇಬಿಡಬೇಕು ಎಂದರು. ಬಸ್ಸಿನಲ್ಲಿ ತಿರುಗಿ ಬರುವಾಗ ಬುಡನಸಾಬ ಮಗ್ಗುಲಲ್ಲಿ ಕೂತ ಹೆಂಡತಿಗೆ ಹೇಳಿದ:

"ಗೌಂಡಿ ಹೇಣ್ತಿ ಆಗಿ ಸಗಣಿ ಬಳ್ಯಾದು ಸಾಕು. ಈ ಸಲ ಮನಿಗೆ ಪರಸಿ ಹಾಕೇ ಬಿಡ್ತೀನಿ."

ಜೈತೂನಬಿ ಕಿಟಕಿಯಾಚೆ ನೋಡುತ್ತಿದ್ದಳು. "ಈಗ ಯಾಕ ಅದೆಲ್ಲ," ಎಂದಷ್ಟೇ ಅಂದಳು.

ಅವನು ಬಿಡಲಿಲ್ಲ. ಮುಂದಿನ ವಾರ ರಾಣೆಬೆನ್ನೂರಿನಿಂದ ಬರುವಾಗ ಒಂದು ಬೂದುಬಣ್ಣದ ಶಾಬಾದಿ ತುಂಡು, ಒಂದು ಕರಿ ಕಡಪಾ ತುಂಡು, ಎರಡು ಮೊಸಾಯಿಕ್ ಹಂಚು ಗೋಣಿಚೀಲದಲ್ಲಿ ಹೊತ್ತು ತಂದು ಪಡಸಾಲೆಯಲ್ಲಿ ಸಾಲಾಗಿ ಇಟ್ಟ. ಒದ್ದೆ ಬಟ್ಟೆಯಿಂದ ಒಂದೊಂದನ್ನೂ ಒರೆಸಿದ. ಮಗಳ ಮದುವೆಗೆ ಸೀರೆ ತೋರಿಸುವ ಅಂಗಡಿಯವನ ಹಾಗೆ ಹಿಂದೆ ಸರಿದು ಕುಳಿತ.

"ಕಾಲಿಟ್ಟು ನೋಡು. ಕಣ್ಣಿಲೆ ನೋಡಿದ್ರ ಕಲ್ಲು ತಿಳಿಯೂದಿಲ್ಲ."

ಅವಳು ಕಾಲಿಟ್ಟಳು. ಶಾಬಾದಿ ಚಳಿಗೆ ಅಂಗಾಲು ಕೊರೆಯುತ್ತದೆ ಎಂದಳು. ಕಡಪಾದ ಮೇಲೆ ಚೂರು ಹಿಟ್ಟು ಬಿದ್ದರೂ ಊರಿಗೆಲ್ಲ ಕಾಣುತ್ತದೆ ಎಂದಳು.

"ಮೊಸಾಯಿಕ್ಕು?"

"ಜಾರಿ ಬಿದ್ದು ಸೊಂಟಾ ಮುರಕೊಂಡ್ರ ನೀವ ರೊಟ್ಟಿ ಬಡೀತೀರೇನು?"

"ಹಂಗಾದ್ರ ಕೆಂಪು ಸಿಮೆಂಟ್ ತಿಕ್ಕಿಸ್ತೀನಿ."

"ಕೆಂಪು ಬ್ಯಾಡ. ಕಣ್ಣಿಗೆ ಹೊಡೀತೈತಿ."

ಎದುರು ಮನೆಯ ರೈತ ಶೇಖಪ್ಪ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಕೇಳುತ್ತಿದ್ದ. "ಲೇ ಬುಡನಸಾಬ, ಹೆಣ್ಣು ನೋಡಾಕ ಹೋದಾಗೂ ಇಷ್ಟು ಕೊಸರಾಡಿರಲಿಲ್ಲಲೇ ನಿಮ್ಮವ್ವ! ಸುಮ್ನ ಆಕಿನ್ನ ಯಾವದರ ಊರಿಗೆ ಕಳಿಸು, ನೆಲಾ ಅಗದು ಕಲ್ಲು ಹಾಕಿ ಮುಗಿಸು. ಬಂದ ಮ್ಯಾಲೆ ಏನ್ಮಾಡ್ತಾಳ, ಕಿತ್ತು ಒಗೀತಾಳೇನು? ಅಗದ ಮಣ್ಣು ನನಗ ಕೊಡು. ಹಳೀ ಮನಿ ಮಣ್ಣು ಹೊಲಕ್ಕ ಹಾಕಿದ್ರ ಮೆಣಸಿನಗಿಡ ಕುಣೀತಾವ."

ತಮಾಷೆಗೆ ಆಡಿದ ಮಾತು ಬುಡನಸಾಬನ ತಲೆಯಲ್ಲಿ ಕುಳಿತಿತು. ಹೆಂಡತಿ ಖರ್ಚಿಗೆ ಅಂಜಿ ಬೇಡವೆನ್ನುತ್ತಿದ್ದಾಳೆ ಎಂದೇ ಅವನು ತಿಳಿದಿದ್ದ. ಆ ಹೆಂಗಸು ತನಗಾಗಿ ಏನನ್ನೂ ಬೇಕೆಂದು ಕೇಳಿದವಳಲ್ಲ.

ಮಾಘದಲ್ಲಿ ಬ್ಯಾಡಗಿಯಿಂದ ಅವಳ ತಂಗಿ ರಹಿಮತಬಿ ಹೇಳಿಕಳಿಸಿದಳು: ಮಗಳ ಹೆರಿಗೆಯಾಗಿದೆ, ಹದಿನೈದು ದಿನ ಬಂದು ಕೈಗೂಡಿಸು. ಹೊರಡುವಾಗ ಜೈತೂನಬಿ ಹೊಸ್ತಿಲಲ್ಲಿ ನಿಂತು ಒಮ್ಮೆ ಒಳಗೆ ತಿರುಗಿ ನೋಡಿದಳು. "ಮನಿ ಇದ್ದಂಗ ಇರ್ಲಿರಿ," ಎಂದಳು. ಅವನು ಹೂಂ ಎಂದ. ಅವಳ ಬಸ್ಸು ಹೊರಟ ಮರುದಿನ ಬೆಳಿಗ್ಗೆಯೇ ಗುದ್ದಲಿ ತೆಗೆದ.

ಬುಟ್ಟಿ ಹೊರಲು ಬಂದವಳು ಮರಿಯವ್ವ. ಹತ್ತು ವರ್ಷಗಳಿಂದ ಅವನ ಕೆಲಸದಲ್ಲಿ ಕಲ್ಲು, ಗರಸು, ಸುಣ್ಣ ಹೊತ್ತವಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಪರಸಿ ಹಾಕಬೇಕೆಂದರೆ ಮುಕ್ಕಾಲು ಅಡಿ ಹಳೆಯ ಮಣ್ಣು ತೆಗೆದು, ಗರಸು ಹಾಕಿ ಬಡಿದು, ಅದರ ಮೇಲೆ ಕಲ್ಲು ಕೂರಿಸಬೇಕು. ಎರಡು ದಿನದಲ್ಲಿ ಪಡಸಾಲೆ ಮುಗಿಯಿತು. ಶೇಖಪ್ಪನ ಚಕ್ಕಡಿ ಆ ಮಣ್ಣನ್ನು ಹೊಸರಿತ್ತಿಯ ದಾರಿಯಲ್ಲಿದ್ದ ಅವನ ಹೊಲಕ್ಕೆ ಸಾಗಿಸಿತು. ಮೂರನೆಯ ದಿನ ಒಳಕೋಣೆ. ಅದರ ಮೂಡಣದ ಮೂಲೆಗೆ ಬಂದಾಗ ಗುದ್ದಲಿಗೆ ಏನೋ ತಗುಲಿ ಚಟ್ ಎಂದಿತು.

"ತಡೀರಿ ಸಾಬ್ರ!" ಮರಿಯವ್ವ ಬುಟ್ಟಿ ಬಿಟ್ಟು ಓಡಿಬಂದಳು. "ಗುದ್ದಲಿ ಎತ್ತಬ್ಯಾಡ್ರಿ."

"ಯಾಕ, ಬಂಗಾರದ ಕೊಡಾ ಸಿಕ್ತೇನು? ಸಿಕ್ರ ಅರ್ಧಾ ನಿನಗ."

ಅವಳು ನಗಲಿಲ್ಲ. ಕುಕ್ಕರಗಾಲಲ್ಲಿ ಕುಳಿತು ಬೆರಳಿಂದ ಮಣ್ಣು ಸರಿಸಿದಳು. ಅಂಗೈಯಗಲದ ಮುಚ್ಚಳವಿದ್ದ ಸಣ್ಣ ಗಡಿಗೆ. ಗುದ್ದಲಿಯ ಮೊನೆ ಅದರ ಹೊಟ್ಟೆಗೇ ಬಿದ್ದು ಮೂರು ಹೋಳಾಗಿತ್ತು. ಒಳಗೆ ಕರಿಮಣ್ಣು ಬಿಟ್ಟು ಬೇರೇನೂ ಇರಲಿಲ್ಲ.

"ಇದು ಕೂಸಿನ ಗಡಿಗಿರಿ," ಎಂದಳು. "ಹಡದಾಗ ಬಿದ್ದ ಮಾಸಾ, ಹೊಕ್ಕಳಬಳ್ಳಿ ಹಿಂಗ ಗಡಿಗ್ಯಾಗ ಹಾಕಿ ಮನಿಯೊಳಗ ಹುಗೀತಾರ. ನಿಮ್ಮವರೊಳಗೂ ಐತಿ, ನಮ್ಮವರೊಳಗೂ ಐತಿ. ಗಂಡಸರಿಗೆ ಯಾರು ಹೇಳ್ತಾರ್ರಿ ಇದನ್ನ? ನಮ್ಮ ಮನಿಯಾಂವಗ ಇವತ್ತಿಗೂ ಗೊತ್ತಿಲ್ಲ."

ಬುಡನಸಾಬ ಗುದ್ದಲಿಯನ್ನು ಕೆಳಗಿಟ್ಟ. ಆ ಮನೆಯಲ್ಲಿ ಹುಟ್ಟಿದ ಕೂಸು ಒಂದೇ. ಜಾಹೀದಾ. ಅವಳು ಹುಟ್ಟಿದಾಗ ಅವನು ಗೋವೆಯಲ್ಲಿ ಯಾವುದೋ ಹೋಟೆಲಿನ ನೆಲ ಹಾಸುತ್ತಿದ್ದ. ಮೂರು ತಿಂಗಳಾದ ಮೇಲೆ ಬಂದು ಮುಖ ನೋಡಿದ. ಮೂರೂವರೆ ವರ್ಷಕ್ಕೆ ಒಂದು ಶ್ರಾವಣದ ಜ್ವರ ಅವಳನ್ನು ನಾಲ್ಕೇ ದಿನದಲ್ಲಿ ಒಯ್ದಿತ್ತು. ಒಂಬತ್ತು ವರ್ಷವಾಯಿತು. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ, ಬರಬರುತ್ತ ಆ ಹೆಸರೂ ಮನೆಯಲ್ಲಿ ಯಾರ ಬಾಯಲ್ಲೂ ಬರದಾಯಿತು.

ಎರಡೇ ಕೋಣೆಯ ಮನೆ. ಕಾಳಿನ ಚೀಲ, ಹಾಸಿಗೆ, ಪೆಟ್ಟಿಗೆ ಇಡಲು ಜಾಗವಿಲ್ಲದೆ ಒಂದರ ಮೇಲೊಂದು ಪೇರಿಸಿದ್ದರು. ಆದರೂ ಈ ಮೂಲೆಯಲ್ಲಿ ಜೈತೂನಬಿ ಒಂದು ಚರಿಗೆಯನ್ನೂ ಇಡಗೊಟ್ಟಿರಲಿಲ್ಲ. ಅದು ಅವನಿಗೆ ಈಗ ಹೊಳೆಯಿತು. ಅವರ ಮನೆತನದಲ್ಲಿ ಹೆಂಗಸರು ಖಬರಸ್ತಾನಕ್ಕೆ ಹೋಗುವ ರೂಢಿಯಿಲ್ಲ. ಮಗಳನ್ನು ಹೊತ್ತುಕೊಂಡು ಹೋದಾಗ ಅವಳು ಬಾಗಿಲವರೆಗೆ ಬಂದಿದ್ದಳು, ಅಷ್ಟೇ. ಅಲ್ಲಿಂದೀಚೆಗೆ ವಾರಕ್ಕೊಮ್ಮೆ ಅವಳು ಅಂಗೈಯಿಂದ ಸವರುತ್ತಿದ್ದುದು ಈ ಮೂಲೆಯನ್ನು.

ಮರಿಯವ್ವ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಮೆಲ್ಲಗೆ, "ಮಣ್ಣು ಮುಚ್ಚಿ ಮ್ಯಾಲೊಂದು ಕಲ್ಲು ಕುಂದ್ರಿಸಿ ಬಿಡ್ರಿ. ಅಕ್ಕಗ ಒಡದದ್ದು ಗೊತ್ತಾಗೂದಿಲ್ಲ. ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ," ಎಂದಳು.

ಅವನು ಮೂರೂ ಹೋಳುಗಳನ್ನು ಕೂಡಿಸಲು ನೋಡಿದ. ಕೂಡಲಿಲ್ಲ. ಹೆಗಲ ಮೇಲಿನ ವಸ್ತ್ರದಲ್ಲಿ ಹೋಳುಗಳನ್ನೂ ಆ ಹಿಡಿ ಕರಿಮಣ್ಣನ್ನೂ ಕಟ್ಟಿ, ಇದ್ದಲ್ಲೇ ಇಟ್ಟು ಮಣ್ಣೆಳೆದ. ಉಳಿದ ಕೆಲಸವನ್ನು ಎಂಟು ದಿನದಲ್ಲಿ ಮುಗಿಸಿದ. ಕಡೆಯ ಕಲ್ಲನ್ನು ಮೂಲೆಗೆ ತಂದ. ಸರಿಯಾಗಿ ಕೂತಿತು, ಸಂದಿಯಲ್ಲಿ ಬೆರಳುಗುರೂ ಹೋಗದಂತೆ. ಸುತ್ತಿಗೆಯ ಹಿಡಿಯಿಂದ ಎರಡು ಸಲ ತಟ್ಟಿದ. ಮೂರನೆಯದಕ್ಕೆ ಕೈ ಏಳಲಿಲ್ಲ. ಕಲ್ಲನ್ನು ಎತ್ತಿ ಗೋಡೆಗೆ ಆನಿಸಿಟ್ಟ.

ಜೈತೂನಬಿ ಬ್ಯಾಡಗಿಯಿಂದ ಬಂದದ್ದು ಒಂದು ಮಧ್ಯಾಹ್ನ. ಬಾಗಿಲಲ್ಲೇ ನಿಂತಳು. ಒಳಗೆಲ್ಲ ಬೂದುಬಣ್ಣದ ಕಲ್ಲು, ನೀರು ಹೊಯ್ದಿಟ್ಟಂತೆ ಸಮ. ಚಪ್ಪಲಿ ಬಿಟ್ಟಳು. ಗಂಡನತ್ತ ನೋಡದೆ ನೇರ ಒಳಕೋಣೆಗೆ ಹೋದಳು. ಅವನು ಹಿಂದೆಯೇ ಹೋಗಿ ಬಾಗಿಲುವಾಡೆಗೆ ಆತು ನಿಂತ.

ಮೂಲೆಯಲ್ಲಿ ಒಂದು ಕಲ್ಲಿನಷ್ಟು ಮಣ್ಣು ಹಾಗೇ ಇತ್ತು. ಅವಳು ಗೋಡೆ ಹಿಡಿದುಕೊಂಡು, ನೋಯುವ ಕಾಲು ಚಾಚಿ ಕುಳಿತಳು.

"ಎಷ್ಟು ಆಳ ಅಗದ್ರಿ?"

"ಮುಕ್ಕಾಲು ಅಡಿ."

"ಗಡಿಗಿ?"

ಅವನಿಗೆ ಮರಿಯವ್ವನ ಮಾತು ನೆನಪಾಯಿತು. ಹೇಳಬೇಕೆಂದಿದ್ದ ಸುಳ್ಳು ನಾಲಿಗೆಯ ಮೇಲೆ ಸಿದ್ಧವಾಗಿಯೇ ಇತ್ತು.

"ಒಡೀತು," ಎಂದ.

ಅವಳು ಅಳಲಿಲ್ಲ. ತಂಗಿಯ ಮನೆಯ ಎಳೆಗೂಸಿನ ಅಳುವನ್ನು ಇನ್ನೂ ಕಿವಿಯಲ್ಲಿ ಇಟ್ಟುಕೊಂಡವಳಂತೆ ತಲೆ ಒಂದು ಕಡೆ ವಾಲಿಸಿ ಕುಳಿತಿದ್ದಳು.

"ಒಂದು ಮಾತು ಹೇಳಿದ್ರ ಆಗ್ತಿರಲಿಲ್ಲೇನು, ಜೈತೂನ? ಶಾಬಾದಿ ಥಂಡಿ, ಮೊಸಾಯಿಕ್ ಜಾರ್ತೈತಿ... ಏನೇನೋ ಹೇಳಿದಿ. ಇದೊಂದು ಹೇಳಲಿಲ್ಲ."

"ಹೆಂಗ ಹೇಳ್ಲಿ? ಆಕಿ ಹೆಸರು ತಗದ್ರ ನೀವು ಎದ್ದು ಹೊರಗ ಹೋಗ್ತಿದ್ರಿ. ಒಂದು ಸಲ ಅಲ್ಲ, ಎರಡು ಸಲ ಅಲ್ಲ. ಆಮ್ಯಾಲೆ ನಾ ತಗಿಯೂದ ಬಿಟ್ಟೆ."

ಅದು ಖರೇ ಇತ್ತು. ಅವನು ತಲೆ ತಗ್ಗಿಸಿದ.

"ನಿಮಗರ ಖಬರಸ್ತಾನ ಐತಿ," ಎಂದಳು. "ಶುಕ್ರವಾರಕ್ಕೊಮ್ಮೆ ನಮಾಜು ಮುಗಿಸಿ ಹೋಗ್ತೀರಿ, ಆಕಿ ಹಂತ್ಯಾಕ ಕುಂತು ಬರ್ತೀರಿ. ನಾ ಎಲ್ಲಿ ಹೋಗ್ಲಿ? ನನಗ ಯಾರು ತೋರಿಸಿದ್ರು?"

ಬುಡನಸಾಬ ಹೊಸ ಕಲ್ಲಿನ ಮೇಲೆ ಕುಳಿತ.

"ನನಗೂ ಗೊತ್ತಿಲ್ಲ," ಎಂದ.

"ಏನು?"

"ಆಕಿ ಎಲ್ಲದಾಳ ಅನ್ನೂದು. ಗೋಡಿ ಕಡೆ, ಬೇವಿನಗಿಡದ ಹಂತ್ಯಾಕ, ಅಷ್ಟು ಗೊತ್ತೈತಿ. ಸಣ್ಣ ಕೂಸಿನ ಜಾಗಾ, ಎಷ್ಟಿರ್ತೈತಿ? ಒಂದು ಕಲ್ಲು ನಿಲ್ಲಿಸಬೇಕು, ನಾಳಿ ನಿಲ್ಲಿಸ್ತೀನಿ, ನಾಡದ ನಿಲ್ಲಿಸ್ತೀನಿ ಅಂತಿದ್ದೆ. ರಾಣೆಬೆನ್ನೂರಾಗ ಕೆಲಸಾ ಬಂತು. ಮರು ವರ್ಷ ಮಳಿ ಜೋರಾತು, ಮಣ್ಣೆಲ್ಲ ಸಮಾ ಆತು. ಬಂದು ಹುಡುಕಿದೆ. ಸಿಗಲಿಲ್ಲ." ಅವನ ಕೈ ನೆಲದ ಮೇಲೆ ಸುಮ್ಮನೆ ಆಡುತ್ತಿತ್ತು. "ಊರ ಮಂದಿ ಮನಿಗೆಲ್ಲ ಕಲ್ಲು ಹಾಕಿದ ಮನಶ್ಯಾ ನಾನು. ನನ್ನ ಮಗಳಿಗೆ ಒಂದು ಕಲ್ಲು ಇಡಲಿಲ್ಲ."

"ಹಂಗಾದ್ರ ಪ್ರತಿ ಶುಕ್ರವಾರ?"

"ಗೋಡಿಗೆ ಬೆನ್ನು ಕೊಟ್ಟು ಕುಂತು ಬರ್ತಿದ್ದೆ."

ಜೈತೂನಬಿ ಅವನನ್ನೇ ನೋಡಿದಳು. ಅವಳ ಮುಖದಲ್ಲಿ ಮೊದಲು ಬಂದದ್ದು ಸಿಟ್ಟು. ಒಂಬತ್ತು ವರ್ಷ ಅವಳು ಗಂಡನ ಕಾಲಿಗೆ ಅಂಟಿ ಬಂದ ಖಬರಸ್ತಾನದ ಧೂಳನ್ನು ತಡವಿ ನೋಡಿದವಳು, ಅದು ಮಗಳ ಮಗ್ಗುಲಿನದು ಎಂದು ನಂಬಿದವಳು. ಎರಡೂ ಕೈಯಿಂದ ತನ್ನ ಮುಖ ಮುಚ್ಚಿಕೊಂಡಳು. ಅವನಿಗೆ ಎದ್ದು ಹೋಗಬೇಕೆನಿಸಿತು, ಯಾವಾಗಲೂ ಅನಿಸುವ ಹಾಗೆ. ಪಡಸಾಲೆ, ಬೀದಿ, ಮಸೀದಿಯ ಕಟ್ಟೆ, ಎಲ್ಲಿಗಾದರೂ. ಅವನು ಏಳಲಿಲ್ಲ.

ಹೊರಗೆ ಶೇಖಪ್ಪನ ದನಿ ಕೇಳಿತು. "ಏನವ್ವಾ ಜೈತೂನಬಿ, ಹ್ಯಾಂಗೈತಿ ಅರಮನಿ? ಒಂದು ಕಲ್ಲು ಸಾಲಲಿಲ್ಲಂತಲ್ಲ ನಿನ್ನ ಗೌಂಡಿಗೆ!" ಆಮೇಲೆ ಅವನ ಚಕ್ಕಡಿ ಹೊಲದ ಕಡೆ ಹೊರಟ ಸದ್ದು ಬಂತು.

ಬಿಸಿಲು ಕಿಟಕಿಯಿಂದ ಹೊಸ ನೆಲದ ಮೇಲೆ ಬಿದ್ದು ಮೆಲ್ಲಗೆ ಗೋಡೆಯತ್ತ ಸರಿಯಿತು. ಬುಡನಸಾಬ ಕೇಳಿದ. ಕೇಳಲು ಹನ್ನೆರಡು ವರ್ಷ ತಡವಾಗಿತ್ತು.

"ಹುಟ್ಟಿದಾಗ ಹೆಂಗಿದ್ಲು? ನಾ ನೋಡ್ಲಿಲ್ಲಲ್ಲ."

ಸೆರಗಿನಿಂದ ಮೂಗು ಒರೆಸಿಕೊಂಡಳು. ಮಂಡಿಯನ್ನು ಕೈಯಿಂದ ಎತ್ತಿ ಸರಿಮಾಡಿಕೊಂಡಳು.

"ತಲಿ ತುಂಬ ಕೂದಲಾ ಇದ್ವು," ಎಂದಳು. "ಕರ್ರಗ. ಸೂಲಗಿತ್ತಿ ಬುಡ್ಡಿದೀಪಾ ಹಿಡದು ನೋಡಿ, ಈಕಿ ಹೆರಳು ಹಾಕ್ಕೊಂಡೇ ಬಂದಾಳ ಅಂದ್ಲು. ಎರಡು ದಿನಾ ಕಣ್ಣು ತಗೀಲಿಲ್ಲ. ಮೂರನೇ ದಿನಾ ತಗದು ಮಾಳಗಿ ನೋಡಿದ್ಲು, ನನ್ನ ನೋಡ್ಲಿಲ್ಲ..."

ಅವನು ಗೋಡೆಗೆ ಆನಿಸಿದ್ದ ಕಲ್ಲನ್ನು ಪಕ್ಕಕ್ಕೆ ಸರಿಸಿ, ಅವಳಿಗೆ ಇನ್ನಷ್ಟು ಹತ್ತಿರ ಕುಳಿತು, ಮುಂದೆ ಹೇಳು ಎಂಬಂತೆ ಕಾದ.